ಮೊದಲ ಪುಟದ ಮೂರು ಬೆರಳು

"ಮುಟ್ಬೇಡಿ!"

ಹಳೇ ಕೊಬ್ಬರಿ ಮಂಡಿಯ ಎತ್ತರದ ಗೋಡೆಗಳಿಗೆ ಬಡಿದು ಆ ಮಾತು ಎರಡೆರಡು ಸಲ ಕೇಳಿಸಿತು.

ಬಾಗಿಲಲ್ಲಿದ್ದವನು ಬೆಚ್ಚಿ ನಿಂತ. ಹೆಗಲ ಮೇಲೆ ಗೋಣಿಚೀಲ, ಕೆದರಿದ ಕೂದಲು, ಅಂಗಿಯ ತುಂಬ ಧೂಳು. ಚೀಲದಿಂದ ಪುಸ್ತಕವೊಂದನ್ನು ಎಳೆಯಲು ಹೋಗಿದ್ದ ಕೈ ಹಾಗೇ ಉಳಿಯಿತು.

"ನಮ್ಮಪ್ಪ ಬರೆದ ಚಿತ್ರ ಕಣ್ರೀ ಇವು. ನಾನೇ ಮುಟ್ಬಾರ್ದಾ?"

"ನಿಮ್ಮ ಕೈಯಲ್ಲಿ ಎಣ್ಣೆ ಇದೆ ಸರ್. ಅಲ್ಲಿ ನಲ್ಲಿ ಇದೆ. ಸೋಪು ಹಾಕಿ ತೊಳ್ಕೊಂಡು, ಚೆನ್ನಾಗಿ ಒರೆಸ್ಕೊಂಡು ಬನ್ನಿ."

ಅವನು ಅಂಗೈ ನೋಡಿಕೊಂಡ. ಶನಿವಾರ, ಹರಾಜಿನ ದಿನ. ಬೆಳಗಿನಿಂದ ಮಾರುಕಟ್ಟೆಯಲ್ಲಿ ಕೊಬ್ಬರಿ ಆರಿಸಿ, ಮೂಸಿ ನೋಡಿದ ಕೈ ಜಿಡ್ಡಿನಿಂದ ಹೊಳೆಯುತ್ತಿತ್ತು! ಅವನಿಗೆ ನಗು ಬಂತು. ಎದುರಿಗಿದ್ದವಳ ಮುಖದಲ್ಲೂ ಒಂದು ಚೂರು ನಗು ಸಿಗಬಹುದೇನೋ ಎಂದು ನೋಡಿದ.

ಇರಲಿಲ್ಲ. ಹೋಗಲಿ ಎಂದರೆ ಸಿಟ್ಟೂ ಇರಲಿಲ್ಲ. ಬಸ್ ಸ್ಟ್ಯಾಂಡಿನ ಮೈಕಿನ ಹಾಗೆ ಹೇಳುವುದನ್ನು ಹೇಳಿ ಮುಗಿಸಿದ್ದಳು, ಅಷ್ಟೆ.

ಅವಳು ಇಂಪನಾ. ಹುಳಿಯಾರಿನ ಹುಡುಗಿ. ಇಪ್ಪತ್ತನಾಲ್ಕು ವರ್ಷ. ಲೈಬ್ರರಿ ಸೈನ್ಸ್ ಓದಿ, ತಿಪಟೂರಿನ ಈ ಪುಟ್ಟ ಕಲಾ ಸಂಗ್ರಹಾಲಯಕ್ಕೆ ಸೇರಿ ಮೂರು ತಿಂಗಳಾಗಿತ್ತು. ಹಿಂದೆ ಕೊಬ್ಬರಿ ತುಂಬುತ್ತಿದ್ದ ಮಂಡಿಯನ್ನೇ ಒಂದು ಟ್ರಸ್ಟಿನವರು ಸುಣ್ಣ ಬಳಿದು ಸಂಗ್ರಹಾಲಯ ಮಾಡಿದ್ದರು. ಚಿತ್ರಗಳು ಬಂದರೂ ಕೊಬ್ಬರಿಯ ವಾಸನೆ ಮಾತ್ರ ಮನೆ ಖಾಲಿ ಮಾಡಿರಲಿಲ್ಲ. ಇಂಪನಾಳ ಕೆಲಸ, ಬಂದ ಹಳೇ ಚಿತ್ರ, ಕಾಗದ, ಪುಸ್ತಕಗಳನ್ನು ಶುಚಿ ಮಾಡಿ, ನಂಬರು ಕೊಟ್ಟು, ರಿಜಿಸ್ಟರಿನಲ್ಲಿ ಬರೆದು ಕಾಪಾಡುವುದು. ಆರು ತಿಂಗಳು ತಾತ್ಕಾಲಿಕ. ಆಮೇಲೆ ಖಾಯಂ ಮಾಡುವುದು, ಬಿಡುವುದು ಮೇಲಿನವರಿಗೆ ಬಿಟ್ಟದ್ದು.

ಕೆಲಸದಲ್ಲಿ ಅವಳನ್ನು ಬೊಟ್ಟು ಮಾಡಿ ತೋರಿಸುವ ಹಾಗಿರಲಿಲ್ಲ. ಚಿತ್ರಗಳ ಹತ್ತಿರ ಪೆನ್ಸಿಲ್ ಮಾತ್ರ, ಪೆನ್ನು ತರಬಾರದು. ಬಂದದ್ದರಲ್ಲಿ ಒಂದು ಚೂರನ್ನೂ ಎಸೆಯಬಾರದು. ರಿಜಿಸ್ಟರಿಗೆ ಮಾತ್ರ ಪೆನ್ನು. ಅಲ್ಲಿ ಬರೆದದ್ದನ್ನು ಮತ್ತೆ ಅಳಿಸಬಾರದು. ಈ ನಿಯಮಗಳೆಲ್ಲ ಅವಳಿಗೆ ಬಾಯಿಪಾಠ.

ನಿಯಮ ಇದ್ದಲ್ಲಿ ಅವಳಿಗೆ ನೆಮ್ಮದಿ. ಏನೂ ಅನಿಸಬೇಕಾಗಿರಲಿಲ್ಲವಲ್ಲ!

ಅವಳ ಅಮ್ಮ ತೀರಿಕೊಂಡು ಎಂಟು ತಿಂಗಳು. ಅವತ್ತಿನಿಂದ ಇವತ್ತಿನವರೆಗೆ ಇಂಪನಾ ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ಅಳು ತಡೆದುಕೊಂಡಳೇ ಎಂದರೆ ಅದೂ ಅಲ್ಲ. ಬರಲೇ ಇಲ್ಲ. ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ. ನಾಲಿಗೆಗೆ ಉಪ್ಪು ಹೆಚ್ಚೋ ಕಮ್ಮಿಯೋ ತಿಳಿಯುತ್ತಿರಲಿಲ್ಲ, ಅಷ್ಟೆ.

ಅವನು ಕೈ ತೊಳೆದು ಬಂದ. ಎರಡೂ ಅಂಗೈ ಎತ್ತಿ ತೋರಿಸಿದ, ಸ್ಕೂಲಿನ ಹುಡುಗನ ಹಾಗೆ.

"ಈಗ ಪಾಸಾ?"

"ಹೂಂ. ನಿಮ್ಮ ಹೆಸರು?"

"ಮೋಕ್ಷಿತ್. ಚಿಕ್ಕನಾಯಕನಹಳ್ಳಿ ಕಡೆ ತೋಟ. ನಮ್ಮಪ್ಪ ಮರುಳಪ್ಪ ಅಂತ, ಹೈಸ್ಕೂಲ್ ಡ್ರಾಯಿಂಗ್ ಮೇಷ್ಟ್ರು. ಅವರು ಹೋಗಿ ಎರಡು ವರ್ಷ ಆಯ್ತು. ಹನ್ನೆರಡು ಪುಸ್ತಕ ಇದಾವೆ ನೋಡಿ. ಅಟ್ಟದಲ್ಲಿ ಇಲಿ ಪಾಲಾಗೋದಕ್ಕಿಂತ ನಿಮ್ಮ ಹತ್ರ ಇರ್ಲಿ ಅಂತ."

ಪುಸ್ತಕಗಳಿಗೆಲ್ಲ ಖಾಕಿ ಕಾಗದದ ಬೈಂಡು. ಇಂಪನಾ ಕೈಗವಸು ಹಾಕಿಕೊಂಡು ಒಂದೊಂದನ್ನೇ ಮೇಜಿನ ಮೇಲಿಟ್ಟಳು. ರಸೀದಿ ಬರೆದು ಕೊಟ್ಟಳು.

"ಚಿತ್ರದಲ್ಲಿರೋರು ಯಾರ್ಯಾರು ಅಂತ ನಿಮಗೆ ಗೊತ್ತಾ ಸರ್? ಗೊತ್ತಿದ್ರೆ ಬಂದು ಹೇಳ್ಬೇಕು. ನಾನು ಬರ್ಕೋತೀನಿ."

"ಪ್ರತಿ ಶನಿವಾರ ಹರಾಜು ಮುಗಿಸ್ಕೊಂಡು ಬತ್ತೀನಿ," ಎಂದ ಮೋಕ್ಷಿತ್. ಯೋಚನೆ ಮಾಡುವ ಮುಂಚೆಯೇ ಮಾತು ಬಾಯಿಂದ ಜಾರಿತ್ತು!

*

ಹೇಳಿದ ಹಾಗೇ ಬಂದ. ಬಂದವನೇ ನೇರ ನಲ್ಲಿಗೆ. ಕೈ ತೊಳೆದು, ತೋರಿಸಿ, ಕುರ್ಚಿ ಎಳೆದುಕೊಂಡು ಕೂರುತ್ತಿದ್ದ.

ಪುಸ್ತಕಗಳು ಶುಚಿಯಾಗುವವರೆಗೆ ಒಳಗಿನ ಕೋಣೆಯಲ್ಲೇ ಇರಬೇಕಿತ್ತು. ಹಾಗಾಗಿ ಇಂಪನಾ ಚಿತ್ರಗಳ ಫೋಟೋ ತೆಗೆದು ಕಂಪ್ಯೂಟರಿನಲ್ಲಿ ತೋರಿಸುತ್ತಿದ್ದಳು. ಅವನು ಹೇಳುತ್ತಾ ಹೋಗುತ್ತಿದ್ದ.

"ಇವನು ಮಾರಯ್ಯ, ಮರ ಹತ್ತೋನು. ಕೆಳಗೆ ನಿಂತು ಯಾರಾದ್ರೂ ಬೈದ್ರೆ ಮೇಲಿಂದ ಒಂದು ಕಾಯಿ ಬುಟ್ಟೇ ಬುಡೋನು!"

ಇಂಪನಾ ಪೆನ್ಸಿಲಿನಿಂದ ಬರೆದುಕೊಂಡಳು: ಮಾರಯ್ಯ, ಮರ ಹತ್ತುವವರು.

"ಕಾಯಿ ಬಿಡೋದು ಬರ್ಕೊಳ್ಳಲ್ವಾ?"

"ಅದಕ್ಕೆ ಕಾಲಂ ಇಲ್ಲ ಸರ್."

ಕಸ ಗುಡಿಸುತ್ತಿದ್ದ ರಂಗಕ್ಕ ಸೆರಗು ಬಾಯಿಗಿಟ್ಟುಕೊಂಡು ಕಿಸಕ್ಕನೆ ನಕ್ಕಳು. ಮೋಕ್ಷಿತನೂ ನಕ್ಕ. ಇಂಪನಾ ಮುಂದಿನ ಫೋಟೋ ತೆರೆದಳು.

ಇನ್ನೊಂದು ಶನಿವಾರ ಅವಳೇ ಕೇಳಿದಳು. "ಇಷ್ಟು ಜನರ ಚಿತ್ರ ಇದೆ. ನಿಮ್ಮ ತಾಯಿ ಯಾವುದರಲ್ಲಿದ್ದಾರೆ?"

"ಅಮ್ಮ ಎಲ್ಲೂ ಇಲ್ಲ ಕಣ್ರೀ. ಗಿರಿಜಾಂಬಿಕಾ ಅಂತ ಹೆಸರು. ಮಹಾ ನಾಚಿಕೆ. ಅಪ್ಪ ಪೆನ್ಸಿಲ್ ತಗೊಂಡ್ರೆ ಸಾಕು, ಅಡುಗೆಮನೆ ಸೇರ್ಕೊಳ್ಳೋರು. ಒಂದೇ ಒಂದು ಚಿತ್ರ ಬರೆಯೋಕೆ ಬುಡ್ಲಿಲ್ಲ. ಆರು ವರ್ಷ ಆಯ್ತು ಹೋಗಿ." ಅವನ ದನಿ ಸಣ್ಣಗಾಯಿತು. "ಆದ್ರೂ ಪುಸ್ತಕದಲ್ಲಿ ಇದಾರೆ ಬುಡಿ. ಒಂದಿನ ತೋರಿಸ್ತೀನಿ."

ಹೇಗೆ ಎಂದು ಕೇಳಬಹುದಿತ್ತು. ಕೇಳಲಿಲ್ಲ. ಅಯ್ಯೋ, ಆ ಒಂದು ಪ್ರಶ್ನೆ ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ!

ಅವತ್ತು ಹೊರಡುವಾಗ ರಂಗಕ್ಕ ಅವನನ್ನು ಬಾಗಿಲಲ್ಲಿ ತಡೆದು ಪಿಸುಗುಟ್ಟಿದಳು. "ಆ ಮಗೀಗೆ ಅವ್ವ ಹೋಗ್ಬುಟ್ಟವ್ಳೆ ಕಣಪ್ಪ. ಬಂದಾಗಿಂದ ನಕ್ಕಿದ್ದೂ ನೋಡಿಲ್ಲ, ಅತ್ತಿದ್ದೂ ನೋಡಿಲ್ಲ. ನಂಗಂತೂ ಕಳ್ಳು ಚುರುಕ್ ಅಂತದೆ."

ಮುಂದಿನ ವಾರ ಮೋಕ್ಷಿತ್ ಏನನ್ನೂ ಕೆದಕಲಿಲ್ಲ. ಕೊಬ್ಬರಿ ಅಟ್ಟದ ಚಿತ್ರ ಬಂದಾಗ ಮಾತ್ರ ಅದನ್ನೇ ನೋಡುತ್ತಾ ಹೇಳಿದ.

"ಕಾಯಿನ ಅಟ್ಟಕ್ಕೆ ಹಾಕಿದ್ರೆ ವರ್ಷದ ಹತ್ರ ಅಲ್ಲೇ ಇರುತ್ತೆ. ಹೊರಗಿಂದ ನೋಡಿದ್ರೆ ಏನೂ ಗೊತ್ತಾಗಲ್ಲ. ಒಳಗೆ ನೀರು ಇಂಗಿ, ಕೊಬ್ಬರಿ ತಾನಾಗೇ ಚಿಪ್ಪು ಬುಡುತ್ತೆ. ಅವಸರ ಮಾಡಿ ಒಡೆದ್ರೆ ಕೆಟ್ಟೋಯ್ತು ಅಂತಾನೇ ಲೆಕ್ಕ. ಕಾಯ್ಬೇಕು ಅಷ್ಟೇ."

ಇಂಪನಾ ತಲೆ ಎತ್ತಿದಳು. 'ಇವರು ಹೇಳ್ತಿರೋದು ಕಾಯಿ ವಿಷಯಾನಾ...?' ಒಂದು ಗಳಿಗೆ ಪೆನ್ಸಿಲ್ ನಿಂತಿತು. ಆಮೇಲೆ ಬರೆದುಕೊಂಡಳು: ಅಟ್ಟ.

*

ಆರನೇ ಶನಿವಾರ ಪುಸ್ತಕಗಳು ಸಿದ್ಧವಾದವು. ಖಾಕಿ ಬೈಂಡು ಕಳಚಿ, ಪ್ರತಿ ಪುಟವನ್ನೂ ಮೆತ್ತನೆಯ ಬ್ರಷ್ಷಿನಿಂದ ಒರೆಸಿ, ಬಿಳಿ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಮೋಕ್ಷಿತನ ಕಣ್ಣು ಅರಳಿತು.

"ಅಬ್ಬಬ್ಬಾ! ಅಪ್ಪ ನೋಡಿದ್ರೆ ಕುಣಿದಾಡ್ಬುಡೋರು." ಕೈಗವಸು ಹಾಕಿಕೊಂಡ. "ಅಮ್ಮನ್ನ ತೋರಿಸ್ತೀನಿ ಅಂದಿದ್ನಲ್ಲ, ಬನ್ನಿ ಇಲ್ಲಿ."

ಮೊದಲ ಪುಸ್ತಕದ ಮೊದಲ ಪುಟ ತೆರೆದ.

ಪುಟ ಖಾಲಿ ಇತ್ತು.

ಎರಡನೆಯದು ತೆರೆದ. ಮೂರನೆಯದು. ನಾಲ್ಕನೆಯದು... ಎಲ್ಲವೂ ಖಾಲಿ.

"ಇಲ್ಲಿದ್ದ ವಿಭೂತಿ ಎಲ್ರೀ?"

"ವಿಭೂತಿ...?"

"ಮೂರು ಬೆರಳಿನ ಪಟ್ಟೆ! ಎಲ್ಲಾ ಪುಸ್ತಕದ ಮೊದಲ ಪುಟದಲ್ಲೂ ಇತ್ತು!"

ಇಂಪನಾಳಿಗೆ ನೆನಪಾಯಿತು. ಬಿಳಿ ಪುಡಿ. ಹಳೇ ಕಾಗದದ ಮೇಲೆ ಬಿಳಿ ಪುಡಿ ಕಂಡರೆ ಅದು ಬೂಷ್ಟು, ಬೇರೆ ಪುಸ್ತಕಗಳಿಗೆ ಹರಡುವ ಮುಂಚೆ ತೆಗೆಯಬೇಕು ಎಂದು ತರಬೇತಿಯಲ್ಲಿ ಕಲಿತಿದ್ದಳು. ತೆಗೆದಿದ್ದಳು. ಹನ್ನೆರಡರಲ್ಲೂ ನೀಟಾಗಿ, ಗುರುತೇ ಸಿಗದ ಹಾಗೆ. ಆ ಪುಟದಲ್ಲಿ ಚಿತ್ರವಿಲ್ಲ ಎಂದು ಫೋಟೋ ಕೂಡ ತೆಗೆದಿರಲಿಲ್ಲ.

"ನಾನು... ಬೂಷ್ಟು ಅಂದ್ಕೊಂಡೆ ಸರ್."

"ಬೂಷ್ಟಾ?" ಅವನು ಅವಳ ಹಣೆಯನ್ನೇ ನೋಡಿದ. ಅಲ್ಲಿ ಬೆಳಿಗ್ಗೆ ಇಟ್ಟುಕೊಂಡ ವಿಭೂತಿಯ ಸಣ್ಣ ಗೆರೆ ಇತ್ತು. "ವಿಭೂತಿ ಇಟ್ಕೊಳ್ಳೋ ಮನೇಲಿ ಹುಟ್ಟಿ ವಿಭೂತಿ ಗೊತ್ತಾಗ್ಲಿಲ್ವಾ ನಿಮಗೆ? ಪ್ರತಿ ಆಯುಧಪೂಜೆಗೆ ಅಪ್ಪ ಹೊಸ ಪುಸ್ತಕ ತರೋರು. ಅಮ್ಮ ಅದರ ಮೊದಲ ಪುಟಕ್ಕೆ ವಿಭೂತಿ ಹಚ್ಚಿದ ಮೇಲೇ ಪೆನ್ಸಿಲ್ ಮುಟ್ತಾ ಇದ್ದಿದ್ದು. ಮಚ್ಚು ತಾಗಿ ಅಮ್ಮನ ನಡುಬೆರಳ ತುದಿ ಹೋಗಿತ್ತು. ಅದಕ್ಕೇ ನಡುವಿನ ಗೆರೆ ಗಿಡ್ಡಕ್ಕಿರ್ತಿತ್ತು. ಅಮ್ಮ ಹೋದ ಮೇಲೆ ಅಪ್ಪ ಹದಿಮೂರನೇ ಪುಸ್ತಕ ತರ್ಲೇ ಇಲ್ಲ. ನಮ್ಮಮ್ಮ ಅಂತ ಈ ಪುಸ್ತಕದಲ್ಲಿದ್ದಿದ್ದು ಆ ಬೆರಳೊಂದೇ ಕಣ್ರೀ!"

ಏನಾದರೂ ಹೇಳಬೇಕಿತ್ತು. ಕ್ಷಮಿಸಿ ಎನ್ನಬೇಕಿತ್ತು. ಇಂಪನಾಳ ಬಾಯಿಂದ ಬಂದದ್ದು ಒಂದೇ ಮಾತು.

"ರೂಲ್ಸ್ ಪ್ರಕಾರಾನೇ ಮಾಡಿದ್ದೀನಿ ಸರ್."

ಮೋಕ್ಷಿತ್ ಕೈಗವಸು ಕಳಚಿ ಮೇಜಿನ ಮೇಲಿಟ್ಟ. ಕೂಗಾಡಿದ್ದರೆ ಎಷ್ಟೋ ವಾಸಿ ಇತ್ತು. ಮೆಲ್ಲಗೆ ಕೇಳಿದ.

"ನಿಮಗೆ ಏನೂ ಅನ್ಸೋದೇ ಇಲ್ವಾ?"

ಉತ್ತರಕ್ಕೆ ಕಾಯದೆ ಹೊರಟುಹೋದ.

*

ಮುಂದಿನ ಶನಿವಾರ ಅವನು ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ.

ಇಂಪನಾ ಎಂದಿನಂತೆ ಕೆಲಸ ಮಾಡಿದಳು. ಹರಾಜು ಮುಗಿಯುವ ಹೊತ್ತಿಗೆ ಮಾತ್ರ ಕಣ್ಣು ನಲ್ಲಿಯ ಕಡೆ ಹೋಗುತ್ತಿತ್ತು. ಯಾಕೆಂದು ತಿಳಿಯಲಿಲ್ಲ. 'ಅನ್ಸೋದಿಲ್ವಾ ಅಂದ್ರಲ್ಲ... ಅನ್ಸಿದ್ರೆ ಹೇಗಿರುತ್ತೆ ಅನ್ನೋದೇ ನನಗೆ ಮರೆತುಹೋಗಿದೆ.'

ಮೂರನೇ ಶನಿವಾರ ಸಂಗ್ರಹಾಲಯದ ಮುಖ್ಯಸ್ಥೆ ಸುನಂದಾ ಮೇಡಂ ಕರೆದರು.

"ಮೋಕ್ಷಿತ್ ಫೋನ್ ಮಾಡಿದ್ರು ಇಂಪನಾ. ಪುಸ್ತಕಗಳನ್ನ ವಾಪಸ್ ತಗೊಂಡು ಹೋಗ್ತಾರಂತೆ. ಸೋಮವಾರ ನಮಗೆ ರಜಾ ಅಲ್ವಾ, ಅವತ್ತೇ ಹತ್ತು ಗಂಟೆಗೆ ಬರ್ತಾರೆ. ಯಾಕೆ ಅಂತ ಬಾಯಿ ಬಿಡ್ಲಿಲ್ಲ. ಏನಾಯ್ತು?"

ಮೋಕ್ಷಿತ್ ಅವಳ ಮೇಲೆ ದೂರು ಹೇಳಿರಲಿಲ್ಲ! ಇಂಪನಾ ನಡೆದದ್ದನ್ನೆಲ್ಲ ತಾನೇ ಹೇಳಿದಳು. ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ತಪ್ಪು ಎಲ್ಲರೂ ಮಾಡ್ತೀವಮ್ಮ. ಆದರೆ ಅಳಿಸಿಹೋಗಿದ್ದನ್ನ ನಾನಾದ್ರೂ ಎಲ್ಲಿಂದ ತಂದುಕೊಡ್ಲಿ? ಸೋಮವಾರ ನೀನೂ ಬಾ."

ಭಾನುವಾರ ಹುಳಿಯಾರಿಗೆ ಹೋದಳು. ಅಪ್ಪ ಅಮ್ಮನ ಟ್ರಂಕನ್ನು ನಡುಮನೆಗೆ ತಂದಿಟ್ಟಿದ್ದರು.

"ವರ್ಷದ ಪೂಜೆ ಹತ್ರ ಬಂತು ಮಗ. ಸೀರೆಗಳನ್ನ ಯಾರಿಗಾದ್ರೂ ಕೊಡ್ಬೇಕು. ನೀನೇ ತೆಗಿ. ನನ್ನ ಕೈಲಿ ಆಗಲ್ಲ," ಎಂದವರು ಹಿತ್ತಲಿಗೆ ಹೋದರು.

ಇಂಪನಾ ಬೀಗ ತೆಗೆದಳು. ಬ್ಯಾಗಿನಿಂದ ಹಾಳೆ, ಪೆನ್ಸಿಲ್ ತೆಗೆದು ಪಟ್ಟಿ ಬರೆಯತೊಡಗಿದಳು. ಒಂದು: ಸೀರೆ, ಹಸಿರು, ಅಂಚು ಸವೆದಿದೆ. ಎರಡು: ಸೀರೆ, ನೇರಳೆ. ಹೆತ್ತ ತಾಯಿಯ ಸೀರೆಗೂ ನಂಬರು! ನೋಡಿದವರು ಕಲ್ಲೆದೆಯ ಹುಡುಗಿ ಎನ್ನುತ್ತಿದ್ದರು. ಅವಳಿಗೆ ಬೇರೆ ದಾರಿ ಗೊತ್ತಿರಲಿಲ್ಲ, ಪಾಪ.

ಹದಿನಾಲ್ಕನೆಯದು ಪುಟ್ಟ ತಗಡಿನ ಡಬ್ಬಿ. ಒಳಗೆ ಅರ್ಧ ಸವೆದ ವಿಭೂತಿ ಗಟ್ಟಿ. ಅಮ್ಮ ದಿನಾ ಒದ್ದೆ ಬೆರಳು ತಿಕ್ಕಿ ತಿಕ್ಕಿ ಅದರ ಒಂದು ಮಗ್ಗುಲು ಹಳ್ಳ ಬಿದ್ದಿತ್ತು.

ಇಂಪನಾ ಆ ಹಳ್ಳದಲ್ಲಿ ತನ್ನ ಮೂರು ಬೆರಳಿಟ್ಟಳು. ಸರಿಯಾಗಿ ಕೂತವು.

ಕಿವಿಯ ಹತ್ತಿರವೇ ಹಳೇ ಜಗಳವೊಂದು ಕೇಳಿಸಿತು. ಅವಳಿಗೆ ಒಂಬತ್ತು ವರ್ಷ. ಶಾಲೆ ಶುರುವಾಗುವ ಹಿಂದಿನ ದಿನ. ಹೊಸ ನೋಟುಬುಕ್ಕಿಗೆ ಅಮ್ಮ ವಿಭೂತಿ ಹಚ್ಚಿ ಮುಚ್ಚಿಬಿಟ್ಟಿದ್ದಳು. 'ನೋಡಮ್ಮಾ! ಒಣಗೋಕೆ ಮುಂಚೆ ಮುಚ್ಚಿ ನನ್ನ ಹೊಸ ಬೈಂಡಿಗೆಲ್ಲಾ ಅಂಟಿಸ್ಬಿಟ್ಟೆ!' 'ಅಂಟ್ಲಿ ಬುಡೇ. ಎರಡು ಕಡೆ ಇದ್ರೆ ಎರಡು ಪಟ್ಟು ವಿದ್ಯೆ ಬತ್ತದೆ.'

ಬೈಂಡು...!

ಇಂಪನಾ ದಡಕ್ಕನೆ ಎದ್ದಳು. ಮರುಳಪ್ಪ ಮೇಷ್ಟ್ರ ಪುಸ್ತಕಗಳ ಖಾಕಿ ಬೈಂಡುಗಳನ್ನು ಅವಳು ಕಳಚಿದ್ದಳು, ನಿಜ. ಆದರೆ ಎಸೆದಿರಲಿಲ್ಲ. ಒಂದು ಚೂರನ್ನೂ ಎಸೆಯಬಾರದೆಂಬ ನಿಯಮ ಇತ್ತಲ್ಲ! ಹನ್ನೆರಡೂ ಒಂದು ಲಕೋಟೆಯಲ್ಲಿ ಹಾಗೇ ಇದ್ದವು. ಬ್ರಷ್ಷು ಸೋಕದೆ.

*

ಸೋಮವಾರ ಮೊದಲ ಬಸ್ಸಿಗೇ ತಿಪಟೂರಿಗೆ ಬಂದಳು. ರಂಗಕ್ಕ ಬಾಗಿಲು ತೆಗೆದು, "ಯಾಕವ್ವ, ಮೊಕ ಇಷ್ಟಗಲ ಆಗದೆ?" ಎಂದರೂ ನಿಲ್ಲದೆ ಒಳಗೋಡಿದಳು. ಲಕೋಟೆ ಬಿಚ್ಚಿದಳು. ಒಳಕ್ಕೆ ಮಡಚಿದ್ದ ಖಾಕಿ ಅಂಚನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಳು.

ಮೊದಲನೆಯದರಲ್ಲಿ ಏನೂ ಇಲ್ಲ. ಎರಡನೆಯದರಲ್ಲೂ ಇಲ್ಲ.

ಮೂರನೆಯದರಲ್ಲಿ... ಇತ್ತು!

ಕಂದು ಕಾಗದದ ಮೇಲೆ ಮಸುಕಾಗಿ ಮೂರು ಬಿಳಿ ಗೆರೆ. ನಡುವಿನ ಗೆರೆ ಗಿಡ್ಡ.

ಹನ್ನೆರಡರಲ್ಲಿ ಏಳರಲ್ಲಿ ಸಿಕ್ಕವು. ಇನ್ನೈದರಲ್ಲಿ ಅಂಟಿರಲಿಲ್ಲ, ಅವು ಹೋದವು. ಇಂಪನಾ ರಿಜಿಸ್ಟರ್ ತೆರೆದು ಪೆನ್ನು ಕೈಗೆತ್ತಿಕೊಂಡಳು.

ಹತ್ತು ಗಂಟೆಗೆ ಮೋಕ್ಷಿತ್ ಬಂದ. ಕೈಯಲ್ಲಿ ಅದೇ ಗೋಣಿಚೀಲ. ಅವಳ ಮುಖ ನೋಡಲಿಲ್ಲ. "ಮೇಡಂ ಇಲ್ವಾ?"

"ಬರ್ತಾರೆ. ಅದಕ್ಕೂ ಮುಂಚೆ ಒಂದ್ಸಲ ಇಲ್ಲಿ ನೋಡ್ತೀರಾ?"

"ನೋಡೋಕೆ ಇನ್ನೇನಿದೆ ಬುಡಿ."

"ದಯವಿಟ್ಟು... ಮೋಕ್ಷಿತ್."

ಸರ್ ಎನ್ನದೆ ಅವಳು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅವನು ತಿರುಗಿದ. ಮೇಜಿನ ಮೇಲೆ ಸಾಲಾಗಿ ಏಳು ಖಾಕಿ ಕಾಗದ. ಇಂಪನಾ ಟಾರ್ಚನ್ನು ಪಕ್ಕದಿಂದ ಹಿಡಿದಳು.

ಅವನು ಬಗ್ಗಿದ. ಬಗ್ಗಿದವನು ಮೇಲೇಳಲಿಲ್ಲ.

"ಅಮ್ಮ..." ಎಂದ.

"ಹಸಿ ಇದ್ದಾಗಲೇ ಪುಸ್ತಕ ಮುಚ್ಚಿದ್ದಾರೆ. ಅದಕ್ಕೇ ಬೈಂಡಿಗೆ ಅಂಟಿದೆ. ಏಳೇ ಸಿಕ್ಕಿದ್ದು. ಉಳಿದ ಐದನ್ನ ನಾನು ಅಳಿಸಿಬಿಟ್ಟೆ. ಅದು ಮತ್ತೆ ಬರಲ್ಲ." ಅವಳು ರಿಜಿಸ್ಟರನ್ನು ಅವನ ಕಡೆ ತಿರುಗಿಸಿದಳು. "ಇದನ್ನೂ ಓದಿ."

ನೀಲಿ ಶಾಯಿಯಲ್ಲಿ ದುಂಡಗಿನ ಅಕ್ಷರ:

'ಹನ್ನೆರಡು ಪುಸ್ತಕಗಳ ಮೊದಲ ಪುಟದಲ್ಲೂ ಮೂರು ಬೆರಳ ವಿಭೂತಿ ಇತ್ತು. ಹಚ್ಚಿದವರು: ಗಿರಿಜಾಂಬಿಕಾ. ಬೂಷ್ಟೆಂದು ತಪ್ಪು ತಿಳಿದು ಅಳಿಸಿದವರು: ಇಂಪನಾ. ಏಳು ಗುರುತುಗಳು ಬೈಂಡಿನಲ್ಲಿ ಉಳಿದಿವೆ. ಇವನ್ನು ಯಾರೂ ಶುಚಿ ಮಾಡಬಾರದು.'

"ನಿಮ್ಮ ಹೆಸರು ಯಾಕೆ ಬರೆದ್ರಿ?" ಮೋಕ್ಷಿತ್ ಗಾಬರಿಯಾದ. "ಕೆಲಸ ಇನ್ನೂ ಖಾಯಂ ಆಗಿಲ್ಲ ತಾನೇ? ನಾಳೆ ಯಾರಾದ್ರೂ ಇದನ್ನ ನೋಡಿದ್ರೆ?"

"ನೋಡ್ಲಿ. ಅವತ್ತು ನೀವು ಕೇಳಿದ್ರಲ್ಲ... ಏನೂ ಅನ್ಸಲ್ವಾ ಅಂತ. ನಿಜವಾಗ್ಲೂ ಅನ್ಸ್ತಿರ್ಲಿಲ್ಲ. ಅಮ್ಮ ಹೋದಾಗಲೂ ಅನ್ಸ್ಲಿಲ್ಲ. ನಿನ್ನೆ ಅಮ್ಮನ ವಿಭೂತಿ ಗಟ್ಟಿ ಸಿಕ್ತು. ಅದರಲ್ಲಿ ಬೆರಳಿನ ಹಳ್ಳ ಇತ್ತು. ಅದನ್ನ ಯಾರಾದ್ರೂ ಕೊಳೆ ಅಂತ ತೊಳೆದುಬಿಟ್ಟಿದ್ರೆ... ನಾನು... ನಮ್ಮಮ್ಮ..."

ಮೊದಲ ಹನಿ ಕೆನ್ನೆಗೆ ಜಾರಿದಾಗ ಇಂಪನಾಳಿಗೇ ಆಶ್ಚರ್ಯ. ಎರಡನೆಯದು ಬರುವಷ್ಟರಲ್ಲಿ ಥಟ್ಟನೆ ಹಿಂದೆ ಸರಿದು ಕಾಗದಗಳಿಂದ ದೂರ ನಿಂತಳು. ಅಳುವಾಗಲೂ ಕಾಗದ ಒದ್ದೆಯಾಗಬಾರದೆಂಬ ಎಚ್ಚರ! ಆಮೇಲೆ ಗೋಡೆಗೊರಗಿ ಕುಸಿದು ಕೂತು, ಹತ್ತು ತಿಂಗಳದ್ದನ್ನೆಲ್ಲ ಒಟ್ಟಿಗೇ ಅತ್ತಳು. ಅಮ್ಮಾ, ಅಮ್ಮಾ ಎಂದು ಎಳೇ ಮಗುವಿನ ಹಾಗೆ ಅತ್ತಳು.

ಬಾಗಿಲಲ್ಲಿ ರಂಗಕ್ಕ ಕಣ್ಣೊರೆಸಿಕೊಂಡು, "ಅಳ್ಲಿ ಬುಡು ತಾಯಿ," ಎಂದು ತನಗೆ ತಾನೇ ಹೇಳಿಕೊಂಡು ಸದ್ದಿಲ್ಲದೆ ಆಚೆ ಹೋದಳು.

ಮೋಕ್ಷಿತ್ ಅವಳ ಎದುರು ನೆಲದ ಮೇಲೇ ಕೂತ. ಸಮಾಧಾನ ಹೇಳಲಿಲ್ಲ. ಅಳು ತಾನಾಗೇ ತಗ್ಗುವವರೆಗೆ ಕಾದ.

"ನೀವು ಮೂರು ಶನಿವಾರ ಬರ್ಲಿಲ್ಲ," ಎಂದಳು ಇಂಪನಾ ಬಿಕ್ಕುತ್ತಾ.

"ಎಣಿಸಿದ್ರಾ?"

"ಹೂಂ."

"ನಾನೂ ಎಣಿಸಿದೆ. ಹರಾಜು ಮುಗೀತಿದ್ದಂಗೆ ಕಾಲು ಈ ಕಡೇನೇ ಎಳೆಯೋದು." ಅವನು ತಲೆ ತಗ್ಗಿಸಿದ. "ನಾನು ಬರೀ ಅಪ್ಪನ ಚಿತ್ರಕ್ಕೆ ಅಂತ ಬತ್ತಿರ್ಲಿಲ್ಲ ಕಣ್ರೀ. ನಿಮಗೋಸ್ಕರ ಬತ್ತಿದ್ದೆ. ಅವತ್ತು ಅಷ್ಟು ಸಿಟ್ಟು ಬಂದಿದ್ದೂ ಅದಕ್ಕೇ. ಬೇರೆ ಯಾರಾದ್ರೂ ಅಳಿಸಿದ್ದಿದ್ರೆ ಬೈದು ಸುಮ್ನಾಗ್ತಿದ್ದೆ. ಅಳಿಸಿದ್ದು ನೀವು ಅಂತ ತಡ್ಕೊಳ್ಳೋಕಾಗ್ಲಿಲ್ಲ."

ಇಂಪನಾಳಿಗೆ ಅನಿಸಿತು. ಎದೆಯಲ್ಲಿ ಏನೋ ನೋವು, ಅದರ ಪಕ್ಕದಲ್ಲೇ ಏನೋ ಹಿತ. ಎರಡೂ ಅನಿಸಿದವು!

"ಪುಸ್ತಕ ತಗೊಂಡು ಹೋಗ್ತೀರಾ?"

ಅವನು ಎದ್ದು ಖಾಲಿ ಗೋಣಿಚೀಲವನ್ನು ಮಡಚಿ ಕಂಕುಳಲ್ಲಿಟ್ಟುಕೊಂಡ. ಮತ್ತೊಮ್ಮೆ ರಿಜಿಸ್ಟರ್ ನೋಡಿದ.

"ಪೆನ್ನಲ್ಲಿ ಬರೆದಿದ್ದೀರಾ?"

"ಹೂಂ."

"ಅಳಿಸೋಕಾಗಲ್ವಾ?"

"ಆಗಲ್ಲ. ರೂಲ್ಸ್ ಪ್ರಕಾರ... ಯಾವತ್ತೂ ಆಗಲ್ಲ."

"ನಮ್ಮಮ್ಮನ ಹೆಸರಿನ ಪಕ್ಕದಲ್ಲೇ ನಿಮ್ಮ ಹೆಸರು ಬರೆದುಬುಟ್ಟಿದ್ದೀರಿ. ಹಂಗೇ ಇರ್ಲಿ," ಎಂದ ಮೋಕ್ಷಿತ್. "ಪುಸ್ತಕಾನೂ ಇಲ್ಲೇ ಇರ್ಲಿ. ನಾನೂ ಬತ್ತಾ ಇರ್ತೀನಿ. ಆಗ್ಬಹುದಾ?"

ಅವಳು ತಲೆಯಾಡಿಸಿದಳು. ಕೆನ್ನೆಯ ಮೇಲೆ ಇನ್ನೂ ಒಂದು ಹನಿ ನಿಂತಿತ್ತು. ಒರೆಸಲು ಕೈ ಚಾಚಿದವನು ಅರ್ಧದಲ್ಲೇ ತಡೆದು, ತನ್ನ ಅಂಗೈ ನೋಡಿಕೊಂಡ.

"ಇರಿ... ಕೈ ತೊಳ್ಕೊಂಡು ಬತ್ತೀನಿ."

ಇಂಪನಾ ನಕ್ಕಳು. ಅಳುತ್ತಲೇ ನಕ್ಕಳು.

"ಬೇಡ. ಪರವಾಗಿಲ್ಲ," ಎಂದಳು.